ತಪ್ಪಿಗಿಟ್ಟ ಹೆಸರುಗಳು

ಹೊಸೂರು
೧೭ ಆಗಸ್ಟ್ ೧೯೮೪

ರಾಮಲಕ್ಷ್ಮಮ್ಮಕ್ಕನಿಗೆ ಚನ್ನಕೇಶವನ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ನಾವು ಉಪಗ್ರಹಕ್ಕೆ ಬೆಸೆದು ಕಳಿಸುವ ತಂತಿಗಳ ಬಗ್ಗೆ ಅದೇ ಮಾತು ಹೇಳಲಾರೆ. ನೀವು ಕೆಲಸ ಬಿಟ್ಟು ಕೃಷ್ಣಗಿರಿಗೆ ಹೋದ ಮೇಲೆ ನಮ್ಮ ಶೆಡ್ಡಿನಲ್ಲಿ ಮಾತು ಕಡಿಮೆಯಾಗಿ ಕಾಗದ ಜಾಸ್ತಿಯಾಗಿದೆ. ಅದಕ್ಕೆ ಕಾರಣ ನಾನೇ. ಮ್ಯಾನೇಜರ್ ನನ್ನನ್ನು ಸ್ಟೋರ್ಸಿನಿಂದ ಎಬ್ಬಿಸಿ, ಕಿಟಕಿ ಪಕ್ಕ ಒಂದು ಮೇಜು ಹಾಕಿಸಿ, ‘ತಂತಿ ವಿಭಾಗದವರಿಗೆ ಗೊತ್ತಿರೋದೆಲ್ಲ ಪುಸ್ತಕವಾಗಬೇಕು’ ಅಂದಿದ್ದಾರೆ. ಕನ್ನಡ ಮೀಡಿಯಮ್ಮಿನಲ್ಲಿ ಬಿ.ಎ. ಮಾಡಿದವನಿಗೂ ಉಪಗ್ರಹಕ್ಕೂ ಏನು ಸಾರ್ ಸಂಬಂಧ ಅಂತ ಕೇಳಿದೆ. ‘ಆಯುಧಪೂಜೆಗೆ ಪದ್ಯ ಕಟ್ಟುತ್ತೀಯಲ್ಲ, ಇದನ್ನೂ ಕಟ್ಟು’ ಅಂದರು. ನನ್ನ ಪ್ರಾಸಕ್ಕೆ ಇಂಥ ಶಿಕ್ಷೆ ಬರುತ್ತದೆಂದು ಮೇಷ್ಟರು ಆಗಲೇ ಎಚ್ಚರಿಸಬೇಕಿತ್ತು.

ಇನ್ನೊಂದು ಸುದ್ದಿ. ನಮ್ಮ ಹಳೇ ಪದ್ಧತಿ ಹೋಯಿತು. ಒಂದು ತಪ್ಪಿಗೆ ಅದರ ಮೊದಲ ಮನುಷ್ಯನ ಹೆಸರು ಇಡುತ್ತಿದ್ದೆವಲ್ಲ, ಅದಕ್ಕೆ ನಿಷೇಧ. ತಂತಿ ಸುಲಿಯುವಾಗ ಒಳಗಿನ ಎಳೆಗೆ ಬ್ಲೇಡು ತಾಗಿದರೆ ‘ಬಚ್ಚಪ್ಪ’. ಬೆಸುಗೆ ಆರುವ ಮುಂಚೆ ಕೈ ಅಲುಗಿ ಮಂಕಾದರೆ ‘ಅಂಜಮ್ಮ’. ‘ಬಚ್ಚಪ್ಪನ ಬ್ಲೇಡು, ತಂತಿಗೆ ಕೇಡು, ಅಂಜಮ್ಮನ ಸೀನು, ಬೆಸುಗೆಗೆ ಗೂನು’ ಅಂತ ನಾನೇ ಕಟ್ಟಿಕೊಟ್ಟಿದ್ದೆ. ಯಾರಿಗೂ ಬೇಜಾರಿರಲಿಲ್ಲ. ಆದರೆ ಹೊಸದಾಗಿ ಒಂದು ತಪ್ಪಿಗೆ ಹೆಸರಾದ ನರಸಮ್ಮನ ಮಗಳಿಗೆ ಸಂಬಂಧ ಕೂಡಿಬಂದಿತ್ತು. ಗಂಡಿನ ಸೋದರತ್ತೆ ನಮ್ಮ ಪ್ಯಾಕಿಂಗಿನಲ್ಲೇ ಇದ್ದಾಳೆ. ‘ಅಯ್ಯೋ, ಇಲ್ಲೊಂದು ನರಸಮ್ಮ ಬಂದೈತೆ, ಕಿತ್ತಾಕು!’ ಅಂತ ಯಾರೋ ಕೂಗಿದ್ದು ಅವಳ ಕಿವಿಗೆ ಬಿತ್ತು. ಸಂಬಂಧ ಮುರಿಯಿತು. ನರಸಮ್ಮ ಮ್ಯಾನೇಜರ್ ಎದುರು ಅತ್ತು, ಕೆಲಸ ಬಿಟ್ಟು ಊರು ಸೇರಿದಳು. ಮಾರನೇ ದಿನವೇ ಎಲ್ಲ ಹೆಸರಿಗೂ ಎಳ್ಳುನೀರು. ಇನ್ನು ಮೇಲೆ ವಿಧ ಒಂದು, ವಿಧ ಎರಡು, ಹೀಗೆ.

ಹೆಸರು ತೆಗೆದರು, ಸಂಖ್ಯೆ ಇಟ್ಟರು;
ಹಸಿದ ಬಾಯಿಗೆ ಲೆಕ್ಕ ಕೊಟ್ಟರು.

ಅಕ್ಕಾ, ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಹೋಗುವ ಪ್ರತಿಯೊಂದು ಬೆಸುಗೆಯೂ ನಿಮ್ಮ ಕಣ್ಣಿನ ಕೆಳಗೆ ಹಾದು ಹೋಗುತ್ತಿತ್ತು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ನಾಲ್ಕು ಹಾಳೆ ಬರೆದು ಕಳಿಸಿ. ನನ್ನ ಪುಸ್ತಕಕ್ಕೆ ಜೀವ ಬರುತ್ತದೆ.

ನಿಮ್ಮ ತಮ್ಮನಂಥ,
ಚನ್ನಕೇಶವ

*

ಕೃಷ್ಣಗಿರಿ
೩ ಸೆಪ್ಟೆಂಬರ್ ೧೯೮೪

ಚನ್ನಕೇಶವಪ್ಪ,

ಕಾಗದ ಬಂತು. ಪದ್ಯ ಇಲ್ಲದೆ ಒಂದು ಕಾಗದ ಬರೆಯೋಕೆ ನಿಮಗೆ ಆಗಲ್ಲವಾ?

ನಮ್ಮ ಯಜಮಾನರಿಗೆ ಇಲ್ಲಿನ ಕೋರ್ಟಿಗೆ ವರ್ಗವಾಯಿತು, ಅದಕ್ಕೆ ಬಂದೆ ಅಂತ ಎಲ್ಲರಿಗೂ ಹೇಳಿದ್ದೀನಿ. ನೀವೂ ಹಾಗೇ ಹೇಳಿ. ಆದರೆ ಅದಕ್ಕೆ ಹದಿನೈದು ದಿನ ಮುಂಚೆ ಮ್ಯಾನೇಜರ್ ನನ್ನ ಕರೆಸಿ ಏನಂದರು ಅಂತ ನಿಮಗೆ ಗೊತ್ತಿರಲಿ. ‘ಅಮ್ಮಾ, ನಿಮ್ಮ ತಲೇಲಿರೋದನ್ನೆಲ್ಲ ಬರೆದುಕೊಟ್ಟುಬಿಡಿ. ನಾಳೆ ನೀವು ಇಲ್ಲದಿದ್ದರೂ ಕೆಲಸ ನಡೀಬೇಕು.’ ನಾನು ಇನ್ನೂ ಇದ್ದೆ ಕಣಪ್ಪಾ. ಅವರ ಎದುರಿಗೇ ನಿಂತಿದ್ದೆ.

ಆ ಶೆಡ್ಡಿಗೆ ಬಾಗಿಲು ಕೂಡ ಇಲ್ಲದ ಕಾಲದಲ್ಲಿ ಬೆಂಗಳೂರಿಗೆ ಹೋಗಿ ಕಲಿತು ಬಂದವಳು ನಾನು. ಒಂದೊಂದೇ ಕೈಯನ್ನ ಹಿಡಿದು ತಿದ್ದಿದ್ದೀನಿ. ಆ ವಿಭಾಗ ಕೆಡಬಾರದು ಅನ್ನೋ ಆಸೆ ಮ್ಯಾನೇಜರ್‌ಗಿಂತ ನನಗೆ ಜಾಸ್ತಿ ಇದೆ. ಹಾಗಂತ ನನ್ನ ಕಣ್ಣನ್ನ ಹಾಳೆಗೆ ಇಳಿಸಿ ಕೊಟ್ಟು, ‘ಸರಿ ಅಮ್ಮಾ, ಹೋಗಿಬನ್ನಿ’ ಅನ್ನಿಸಿಕೊಳ್ಳೋಕೆ ನಾನು ತಯಾರಿಲ್ಲ. ಬಾವಿಯನ್ನ ಬರೆದುಕೊಡು ಅಂದ್ರೆ ಏನು ಬರೀಲಿ? ನೀರು ಬೇಕಾದೋರು ಬಿಂದಿಗೆ ತಗೊಂಡು ಬರಬೇಕು.

ನಾಲ್ಕು ಹಾಳೆ ಕೇಳಿದ್ರಿ. ಇದು ಒಂದು. ಉಳಿದ ಮೂರು ಖಾಲಿ ಇರಲಿ.

ಮಾವಿನ ಕಾಲ ಮುಗಿದರೂ ಇಲ್ಲಿ ಎಲ್ಲರ ಬಾಯಲ್ಲೂ ಅದರ ಮಾತೇ. ಯಾವ ಕಾಯಿ ಎಷ್ಟು ದಿನಕ್ಕೆ ಹಣ್ಣಾಗತ್ತೆ ಅಂತ ಮುಟ್ಟಿ ಹೇಳ್ತಾರೆ. ಪುಣ್ಯಕ್ಕೆ ಅವರನ್ನ ಯಾರೂ ಪುಸ್ತಕ ಬರಿ ಅಂದಿಲ್ಲ.

ರಾಮಲಕ್ಷ್ಮಮ್ಮ

*

ಹೊಸೂರು
೨೨ ಅಕ್ಟೋಬರ್ ೧೯೮೪

ಅಕ್ಕನವರಿಗೆ,

ಪುಸ್ತಕ ಮುಗಿದು ತಿಂಗಳ ಮೇಲಾಯಿತು. ರಟ್ಟು ಗಟ್ಟಿಯಾಗಿದೆ. ಒಳಗಿನ ಮಾತು ಹೇಳುತ್ತೇನೆ, ಕೇಳಿ.

ಹದಿನೇಳು ವಿಧದ ತಪ್ಪುಗಳು, ಒಂದೊಂದಕ್ಕೂ ಶುದ್ಧ ಭಾಷೆಯಲ್ಲಿ ವಿವರಣೆ, ಕನ್ನಡದಲ್ಲೊಂದು, ತಮಿಳಿನಲ್ಲೊಂದು ಪ್ರತಿ. ತೆಲುಗಿನವರು ತಮಗೂ ಬೇಕೆಂದು ಕೇಳಲಿಲ್ಲ. ಇದ್ದ ಎರಡನ್ನೂ ಓದಿರಲಿಲ್ಲವಾದ್ದರಿಂದ ಅವರಿಗೆ ನಷ್ಟವೇನೂ ಕಾಣಲಿಲ್ಲ. ಬಚ್ಚಪ್ಪ ಬಂದು ಕೇಳಿದ.

‘ಸಾರ್, ನಾನೀಗ ಎಷ್ಟನೇ ವಿಧ?’

‘ನಾಲ್ಕು.’

‘ನಾಲ್ಕಾ? ಮೊದ್ಲಿಂದ ಇರೋನು ಸಾರ್ ನಾನು, ಒಂದು ಮಾಡಬಾರ್ದಾಗಿತ್ತಾ?’

ನಕ್ಕೆವು. ನಗು ಬಹಳ ದಿನ ಬಾಳಲಿಲ್ಲ. ಹೋದ ತಿಂಗಳು ಕಳಿಸಿದ ತಂತಿಯ ಕಟ್ಟುಗಳು ಬೆಂಗಳೂರಿನಿಂದ ವಾಪಸು ಬಂದಿವೆ. ರಾಕೆಟ್ಟು ಏರುವಾಗ ಆಗುವ ನಡುಕಕ್ಕೆ ತಡೆಯುತ್ತವೋ ಇಲ್ಲವೋ ಅಂತ ಅಲ್ಲಾಡಿಸಿ ನೋಡುವ ಮೇಜೊಂದು ಅವರಲ್ಲಿದೆಯಲ್ಲ, ಅದರ ಮೇಲೆ ನಮ್ಮ ತಂತಿಗಳು ಬೆಸುಗೆಯ ಬುಡದಲ್ಲೇ ಪಟಪಟನೆ ಮುರಿದವಂತೆ. ನೋಡಿದರೆ ಬೆಸುಗೆಗಳೆಲ್ಲ ಮೂಗುಬೊಟ್ಟಿನ ಹಾಗೆ ಹೊಳೆಯುತ್ತಿವೆ. ಅದು ಹಳೇ ‘ನರಸಮ್ಮ’. ನನ್ನ ಪುಸ್ತಕದಲ್ಲಿ ವಿಧ ಹನ್ನೊಂದು. ‘ಬೆಸುಗೆಯು ಅಧಿಕ ಶಾಖದಿಂದ ಕವಚದಡಿ ಮೇಲೇರುವಿಕೆ’ ಅಂತ ಅಚ್ಚುಕಟ್ಟಾಗಿ ಬರೆದಿದ್ದೆ. ಅದನ್ನು ಓದಿದ ಹೊಸಬರು ತಲೆಯಾಡಿಸಿದರು. ಆಮೇಲೆ ಅದನ್ನೇ ಮಾಡಿದರು.

ಇನ್ನೊಂದು ಬದಲಾವಣೆ ಅಂಜಮ್ಮ ಹೇಳುವವರೆಗೂ ನನಗೆ ಹೊಳೆದಿರಲಿಲ್ಲ. ಮುಂಚೆ ಯಾರ ಕೈಯಲ್ಲಾದರೂ ತಪ್ಪಾದರೆ ಎದ್ದು ಬಂದು ಹೇಳುತ್ತಿದ್ದರು. ಈಗ ಯಾರೂ ಹೇಳುವುದಿಲ್ಲ. ವಿಧ ಹನ್ನೊಂದು ಯಾರ ಮನೆಯದೂ ಅಲ್ಲವಲ್ಲ.

ಜನವರಿಯಲ್ಲಿ ಬೆಂಗಳೂರಿನಿಂದ ಅಧಿಕಾರಿಗಳು ಬಂದು ಎರಡು ದಿನ ಕೂತು ನೋಡುತ್ತಾರೆ. ಅವರಿಗೆ ಒಪ್ಪಿಗೆಯಾಗದಿದ್ದರೆ ಉಪಗ್ರಹದ ಕೆಲಸ ಬೇರೆ ಊರಿಗೆ. ನೀವು ಕಟ್ಟಿದ ತಂತಿ ವಿಭಾಗಕ್ಕೆ ಬೀಗ. ಅಲ್ಲಿನ ಹೆಂಗಸರನ್ನು ಏನು ಮಾಡುತ್ತೀರಿ ಎಂದು ಮ್ಯಾನೇಜರ್‌ಗೆ ಕೇಳಿದೆ. ‘ಮೊದಲು ಜನವರಿ ದಾಟಲಿ’ ಅಂದರು.

ಈ ಸಲ ಪ್ರಾಸವಿಲ್ಲ. ಬರಲಿಲ್ಲ.

ಚನ್ನಕೇಶವ

*

ಕೃಷ್ಣಗಿರಿ
೯ ನವೆಂಬರ್ ೧೯೮೪

ಚನ್ನಕೇಶವಪ್ಪ,

ನಿಮ್ಮ ಪುಸ್ತಕದ ಒಂದು ಸಾಲು ಓದಿ ನಮ್ಮ ಯಜಮಾನರು ‘ಇದು ಕೋರ್ಟಿನ ತೀರ್ಪಿಗಿಂತ ಚೆನ್ನಾಗಿದೆ, ಏನೂ ಅರ್ಥವಾಗಲ್ಲ’ ಅಂದರು. ಓದೋಕೆ ಸರಿಯಾಗಿದ್ದು ಕೈಗೆ ಬರದೇ ಇರೋ ಮಾತಿಗೆ ಇನ್ನು ಮೇಲೆ ‘ಚನ್ನಕೇಶವ’ ಅಂತ ಹೆಸರಿಡೋಣ. ಕೋಪ ಮಾಡ್ಕೋಬೇಡಿ, ಗೌರವಕ್ಕೆ ಹೇಳಿದ್ದು. ಯಾಕೆ ಗೌರವ ಅಂತ ಈಗ ಹೇಳ್ತೀನಿ.

ನೀವೆಲ್ಲ ಅದನ್ನ ತಪ್ಪು ಮಾಡಿದೋರ ಹೆಸರು ಅಂದುಕೊಂಡಿದ್ದೀರಿ. ಅಲ್ಲ. ಅದು ಹೇಳಿದೋರ ಹೆಸರು. ಬಚ್ಚಪ್ಪನಿಗಿಂತ ಮುಂಚೆ ಎಷ್ಟು ಜನ ಎಳೆ ಕತ್ತರಿಸಿ ಸುಮ್ಮನೆ ಮುಚ್ಚಿಹಾಕಿದ್ದರೋ, ಅವರ ಹೆಸರು ಯಾರಿಗೆ ಗೊತ್ತು? ಅವನೊಬ್ಬ ಬಂದ. ‘ಅಮ್ಮಾ, ಬ್ಲೇಡು ತಾಗಿಬುಟ್ಟೈತೆ. ಕಣ್ಣಿಗೆ ಕಾಣಾಕಿಲ್ಲ, ಉಗುರಿಗೆ ಸಿಗ್ತದೆ, ನೋಡಿ’ ಅಂದ. ನೋಡಿದೆ. ನಿಜ. ಟೀ ಹೊತ್ತಿಗೆ ಎಲ್ಲರ ಎದುರು ಅದನ್ನೇ ಹೇಳಿಸಿದೆ. ಒಬ್ಬೊಬ್ಬರೂ ಉಗುರು ಆಡಿಸಿ ನೋಡಿದರು. ಅವತ್ತು ಮೊದಲ ಲೋಟ ಟೀ ಅವನಿಗೆ. ಹೆಸರು ಅವತ್ತು ಹುಟ್ಟಿತು. ಅಂಜಮ್ಮಂದೂ ಹಾಗೇ.

ನರಸಮ್ಮಂದು ಹಾಗೆ ಆಯಿತಾ? ಆ ವಾರ ನಾನು ಮನೆ ಸಾಮಾನು ಕಟ್ಟೋ ಗಡಿಬಿಡೀಲಿ ರಜೆ ಹಾಕಿದ್ದೆ. ಅವಳ ಕತೇನ ಅವಳ ಬಾಯಿಂದ ನಾನು ಕೇಳಿಲ್ಲ. ನೀವು ಕೇಳಿದ್ದೀರಾ? ಮ್ಯಾನೇಜರ್ ಕೇಳಿದ್ದಾರಾ? ಬೆನ್ನ ಹಿಂದೆ ಇಟ್ಟ ಹೆಸರು ಬರೀ ಬೈಗುಳ. ಒಂದು ಹೆಸರು ಕೆಟ್ಟಿತು ಅಂತ ಎಲ್ಲ ಹೆಸರನ್ನೂ ಒರೆಸಿ ಹಾಕಿದರು. ಒಂದು ಹಲ್ಲು ನೋವಿಗೆ ಇಡೀ ಬಾಯಿ ಹೊಲಿದ ಹಾಗೆ.

ಹೋಗಿ ಅವಳನ್ನ ಕಾಣಿ. ಪೆನ್ನು ಜೇಬಿನಲ್ಲೇ ಇರಲಿ.

ರಾಮಲಕ್ಷ್ಮಮ್ಮ

*

ಹೊಸೂರು
೨೬ ನವೆಂಬರ್ ೧೯೮೪

ಅಕ್ಕನವರಿಗೆ,

ಭಾನುವಾರ ಹೋಗಿದ್ದೆ. ನರಸಮ್ಮನ ಊರು ಸಾನಮಾವು ಕಾಡಿನ ಅಂಚಿಗೆ ಒತ್ತಿಕೊಂಡಿದೆ. ಸೂಳಗಿರಿ ಬಸ್ಸಿನಿಂದ ಇಳಿದು ನಡೆಯುವಷ್ಟರಲ್ಲಿ ನನ್ನ ಚಪ್ಪಲಿಯ ಒಂದು ಬಾರು ನಿವೃತ್ತಿ ಪಡೆಯಿತು. ಆಕೆ ಹೊಲದಲ್ಲಿದ್ದಳು. ದೂರದಿಂದಲೇ ಕೂಗಿದಳು:

‘ಏನ್ ಸ್ವಾಮಿ, ಪುಸ್ತಕದೋರು ಹೊಲ್ದವರ್ಗೂ ಬಂದ್ರಾ? ಪಕ್ಕದಾಗ್ ಬನ್ನಿ, ಪಕ್ಕದಾಗೆ! ಆನೆ ತುಳ್ದು ಉಳ್ಸಿರೋ ರಾಗೀನ ನೀವು ತುಳೀಬ್ಯಾಡಿ.’

ಬದುವಿನ ಮೇಲೆ ಕೂತೆವು. ಮಗಳ ಸಂಬಂಧ ಮುರಿದದ್ದಕ್ಕೆ ಬೇಜಾರಾಗಿರಬೇಕು ಅಂದೆ.

‘ಅದ್ಯಾಕ್ ಬೇಜಾರು? ಆ ಗಂಡು ಕುಡ್ದು ಬಸ್ಟ್ಯಾಂಡಾಗೆ ಮಲಗ್ತಿದ್ನಂತೆ. ಮುನೇಶ್ವರ ತಪ್ಪಿಸ್ದ. ನಾನು ಅತ್ತಿದ್ದು ಅದ್ಕಲ್ಲ.’

‘ಮತ್ತೆ?’

‘ಬಚ್ಚಪ್ಪಣ್ಣ ಹೇಳ್ದಾಗ ಎಲ್ರೂ ಕೂತ್ಕಂಡು ಕೇಳಿದ್ರು, ಮೊದ್ಲು ಟೀ ಕೊಟ್ರು. ನನ್ ಸರದಿ ಬಂದಾಗ ಒಬ್ರೂ ಕೇಳ್ಲಿಲ್ಲ. ನನ್ ಕೆಲ್ಸ ವಾಪಸ್ ಬಂದದ್ದು ನೋಡಿ ಎರಡ್ನೇ ಷಿಫ್ಟಿನೋರೇ ಹೆಸ್ರು ಕಟ್ಬುಟ್ರು. ಯಾಕಾಯ್ತು, ಹೆಂಗಾಯ್ತು, ಆಮ್ಯಾಕೆ ಅದನ್ನ ಹೆಂಗ್ ತಪ್ಪಿಸ್ಕಂಡೆ, ಎಲ್ಲಾ ನನ್ತಾವ್ಲೇ ಇತ್ತು ಸ್ವಾಮಿ. ಕೇಳೋರಿಲ್ದೆ ಬಾಯಾಗೇ ಕೊಳ್ತೋಯ್ತು.’

‘ತಪ್ಪಿಸ್ಕೊಂಡಿದ್ದೀಯಾ? ಹೇಗೆ?’

ಅಕ್ಕಾ, ಆಕೆ ತಲೆಗೆ ಕೈ ಹಾಕಿ ಕೂದಲಿನ ಕ್ಲಿಪ್ಪು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಬೆಸುಗೆ ಚೆನ್ನಾಗಿ ಹೊಳೆಯಲಿ ಅಂತ ಕಾದ ಕಡ್ಡಿಯನ್ನು ಒಂದು ಗಳಿಗೆ ಜಾಸ್ತಿ ಒತ್ತುತ್ತಿದ್ದಳಂತೆ. ಆಗ ಕರಗಿದ ಸೀಸ, ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ತಂತಿಯ ಕವಚದೊಳಕ್ಕೆ ಏರಿ, ತಂತಿ ಅಲ್ಲಿ ಬಾಗದೆ ಕಡ್ಡಿಯಾಗುತ್ತದೆ. ಅಲುಗಿಸಿದರೆ ಮುರಿಯುತ್ತದೆ. ಕವಚದ ಬುಡಕ್ಕೆ ಈ ಕ್ಲಿಪ್ಪು ಕಚ್ಚಿಸಿಬಿಟ್ಟರೆ ಬಿಸಿಯನ್ನು ಕ್ಲಿಪ್ಪೇ ಕುಡಿಯುತ್ತದೆ, ಸೀಸ ಮೇಲೇರುವುದಿಲ್ಲ. ಕೆಲಸ ಬಿಡುವ ಕಡೇ ವಾರವೆಲ್ಲ ಹಾಗೇ ಮಾಡಿದಳಂತೆ. ಆ ವಾರದ್ದು ಯಾವುದೂ ವಾಪಸು ಬಂದಿಲ್ಲ. ನಾನು ಮರಳಿ ಬಂದು ನೋಡಿದೆ, ನಿಜ.

‘ಜನರ ಬಾಯಿಂದಲೂ ನಿನ್ನ ಹೆಸರು ತೆಗೆಸಿಬಿಡಲಾ?’ ಅಂದೆ.

‘ತೆಗ್ಸಿದ್ರೆ ನನ್ ಕ್ಲಿಪ್ಪು ಯಾರ ಹೆಸ್ರಾಗೆ ಓಡಾಡ್ತದೆ? ಇರ್ಲಿ ಹೆಸ್ರು. ಆದ್ರೆ ನಾನೇ ನಿಂತ್ಕಂಡು ಹೇಳ್ತೀನಿ. ಟೀನೂ ಬೇಕು.’

ದಾರಿಯಲ್ಲಿ ಪ್ರಾಸ ತಾನಾಗಿ ಬಂತು:

ಹೊಳೆದರೆ ಸಾಲದು, ಬಾಗಲಿ ತಂತಿ;
ಬಾಗದ ತಂತಿಗೆ ಇಲ್ಲ ಪಂಕ್ತಿ.

ಜನವರಿಗೆ ನೀವೂ ಬರಬೇಕು. ಮ್ಯಾನೇಜರ್ ತಾವಾಗಿ ಹೇಳಿದ್ದಾರೆ.

ಚನ್ನಕೇಶವ

*

ಕೃಷ್ಣಗಿರಿ
೧೦ ಡಿಸೆಂಬರ್ ೧೯೮೪

ಚನ್ನಕೇಶವಪ್ಪ,

ಯಜಮಾನರ ರೇಡಿಯೋದ ತಂತಿ ಕಿತ್ತು, ನನ್ನ ಕ್ಲಿಪ್ಪು ಕಚ್ಚಿಸಿ ಮಾಡಿ ನೋಡಿದೆ. ನರಸಮ್ಮ ಹೇಳಿದ್ದು ಸರಿ. ಬೆಂಗಳೂರಿನ ತರಬೇತೀಲಿ ಇದೇ ಕೆಲಸಕ್ಕೆ ಒಂದು ತಾಮ್ರದ ಇಕ್ಕಳ ತೋರಿಸಿದ್ದರು. ನಮ್ಮ ಶೆಡ್ಡಿಗೆ ಅದು ಬರಲೇ ಇಲ್ಲ, ನಾನೂ ಬಿಟ್ಟುಬಿಟ್ಟೆ. ಅವಳು ತಲೆಯಿಂದ ತೆಗೆದಳು ನೋಡಿ. ರೇಡಿಯೋ ಮಾತ್ರ ಇನ್ನೂ ಮಾತಾಡ್ತಾ ಇಲ್ಲ. ಯಜಮಾನರೂ ಅಷ್ಟೇ.

ನಾನು ಬರಲ್ಲ. ಕೋಪಕ್ಕಲ್ಲ. ನಾನು ಬಂದರೆ ಎಲ್ಲರೂ ನನ್ನ ಮುಖ ನೋಡ್ತಾರೆ, ಕೈಲಿರೋ ತಂತಿ ನೋಡಲ್ಲ. ನಾಲ್ಕು ವರ್ಷ ಹಾಗೇ ಆಗಿತ್ತೋ ಏನೋ. ಈ ಸಲ ಅವರೇ ನೋಡಲಿ.

ಒಂದು ಮಾತು. ಕೆಳಗಿನೋರು ಮಾತ್ರ ಹೇಳಿ ಮೇಲಿನೋರು ಕೇಳೋದಾದರೆ ಅದು ಪೋಲೀಸ್ ಠಾಣೆ ಆಗತ್ತೆ. ಮ್ಯಾನೇಜರ್‌ಗೂ ಒಂದು ತಪ್ಪು ಇದ್ದೇ ಇರತ್ತೆ. ಹುಡುಕೋಕೆ ಹೇಳಿ.

ರಾಮಲಕ್ಷ್ಮಮ್ಮ

*

ಹೊಸೂರು
೨೪ ಜನವರಿ ೧೯೮೫

ಅಕ್ಕನವರಿಗೆ,

ಇದು ಉದ್ದದ ಕಾಗದ. ಒಂದು ಲೋಟ ಕಾಫಿ ಇಟ್ಟುಕೊಂಡು ಓದಿ.

ಮ್ಯಾನೇಜರ್ ಒಪ್ಪಿದರು, ನರಸಮ್ಮ ಮತ್ತೆ ಕೆಲಸಕ್ಕೆ ಬಂದಳು. ಟೀ ಹೊತ್ತಿಗೆ ಸ್ಟೂಲಿನ ಪಕ್ಕ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಮಿಳು, ತೆಲುಗು, ಕನ್ನಡ ಮೂರನ್ನೂ ಕಲಸಿ ಹೇಳಿದಳು. ನನ್ನ ಎರಡು ಭಾಷೆಯ ಪುಸ್ತಕ ಮೂಲೆಯಲ್ಲಿ ಕೂತು ಕೇಳಿಸಿಕೊಂಡಿತು. ಎರಡನೇ ಷಿಫ್ಟಿನವರು ‘ತಪ್ಪಾಯ್ತಕ್ಕಾ’ ಅಂತ ಬಾಯಿಬಿಟ್ಟು ಅನ್ನಲಿಲ್ಲ. ಅವರೇ ಟೀ ತಂದುಕೊಟ್ಟರು. ಮಾರನೇ ದಿನ ಪ್ರತಿ ಬೆಂಚಿನ ಮೇಲೂ ಕ್ಲಿಪ್ಪು.

ಆಮೇಲೆ ಬಚ್ಚಪ್ಪ ಎದ್ದು ಮ್ಯಾನೇಜರ್ ಕಡೆ ತಿರುಗಿದ. ‘ಸಾರ್, ನಿಮ್ ಹೆಸ್ರಾಗೆ ಒಂದೂ ಇಲ್ವಲ್ಲಾ?’ ಮ್ಯಾನೇಜರ್ ಕನ್ನಡಕ ಒರೆಸಿಕೊಂಡು ಹೇಳಿದರು: ಬೇಸಿಗೆಯಲ್ಲಿ ಹೆಂಗಸರಿಗೆ ಸೆಕೆಯಾಗುತ್ತದೆಂದು ಬೆಂಚಿನ ನೆತ್ತಿಗೇ ಫ್ಯಾನು ಹಾಕಿಸಿದ್ದು ತಾವು, ಆ ಗಾಳಿಗೆ ಬೆಸುಗೆಗಳು ಬೇಗ ಆರಿ ಬಿರುಕು ಬಿಟ್ಟದ್ದು ತಿಳಿದೂ, ಫ್ಯಾನು ಸರಿಸಿ ಸುಮ್ಮನಿದ್ದದ್ದೂ ತಾವೇ. ಅದಕ್ಕೀಗ ‘ಮ್ಯಾನೇಜರ್ ಗಾಳಿ’ ಅಂತ ಹೆಸರು. ಅವರ ಮುಖ ನೋಡಬೇಕಿತ್ತು ನೀವು, ಬಡ್ತಿ ಸಿಕ್ಕವರ ಹಾಗಿತ್ತು. ಹೆಸರಿನ ಮೇಲಿದ್ದ ನಿಷೇಧ ಹೋಯಿತು; ಹೊಸ ನಿಯಮವೂ ಅವರದೇ: ಹೇಳಿದವರು ಒಪ್ಪಿದರೆ ಮಾತ್ರ ಹೆಸರು.

ಈಗ ಪರೀಕ್ಷೆಯ ಮಾತು. ಬೆಂಗಳೂರಿನಿಂದ ಇಬ್ಬರು ಬಂದರು. ಮೊದಲ ದಿನ ಬೆಸುಗೆಗಳನ್ನು ಭೂತಗನ್ನಡಿಯಲ್ಲಿ ನೋಡಿದರು, ಬಗ್ಗಿಸಿದರು. ಒಂದೂ ನರಸಮ್ಮ ಇಲ್ಲ, ಒಂದೂ ಬಚ್ಚಪ್ಪ ಇಲ್ಲ. ಸಂಜೆ ನಾವು ಗೆದ್ದೆವು ಅಂದುಕೊಂಡೇ ಮನೆಗೆ ಹೋದೆವು.

ಎರಡನೇ ದಿನ ಬೆಳಿಗ್ಗೆ, ಅಧಿಕಾರಿಗಳು ಕುಳಿತುಕೊಳ್ಳುವ ಮುಂಚೆಯೇ ಮುನಿಗಂಗಮ್ಮ ಅವರೆದುರು ಹೋಗಿ ನಿಂತಳು. ನಿಮಗೆ ಆಕೆ ಗೊತ್ತಿಲ್ಲ. ನೀವು ಹೋದ ಮೇಲೆ ಸೇರಿದವಳು. ಅದಕ್ಕೆ ಮುಂಚೆ ಹೊಸೂರು ಮಾರ್ಕೆಟ್ಟಿನಲ್ಲಿ ಕನಕಾಂಬರ ಕಟ್ಟಿ ಮಾರುತ್ತಿದ್ದಳು. ಬೆರಳು ಚುರುಕು ಅಂತ, ಬೆಸುಗೆಯಾದ ತಂತಿಗಳನ್ನೆಲ್ಲ ಮೇಣದ ದಾರದಲ್ಲಿ ಸೇರಿಸಿ ಕಟ್ಟುವ ಕೆಲಸ ಕೊಟ್ಟಿದ್ದೆವು.

‘ಸಾರ್, ನಿನ್ನೆ ನಾನು ಕಟ್ಟಿದ್ದು ತಗಂಡೋಗ್ಬ್ಯಾಡಿ. ಕೆಟ್ಟೋಗೈತೆ.’

ಮ್ಯಾನೇಜರ್ ಕಣ್ಣು ಮುಚ್ಚಿದರು. ಹಿರಿಯ ಅಧಿಕಾರಿ ಕಟ್ಟನ್ನು ತಿರುಗಿಸಿ ನೋಡಿ, ‘ಗಂಟೆಲ್ಲ ಬಿಗಿಯಾಗಿದೆಯಲ್ಲಮ್ಮಾ?’ ಅಂದರು.

‘ಬಿಗಿಯಾಗಿರೋದೇ ತಪ್ಪು ಸಾರ್. ನಾನು ಹೂವು ಕಟ್ಟೋಳು. ಕೈ ತಾನೇ ಹೂವಿನ ಗಂಟು ಹಾಕ್ಬುಟ್ಟೈತೆ. ಅದು ಎಳ್ದಷ್ಟೂ ಬಿಗೀತದೆ. ಹೂವಿನ ತೊಟ್ಟು ಬಾಡಿ ಜಾಗ ಕೊಡ್ತದೆ, ಅದ್ಕೆ ಸರೋಯ್ತದೆ. ಈ ತಂತಿ ಅಂಗಿ ಬಾಡಲ್ಲ, ಒಳಕ್ಕೆ ಹೂತ್ಕತದೆ. ನಿನ್ನೆ ಏನೂ ಇರ್ಲಿಲ್ಲ. ಬೆಳಿಗ್ಗೆ ಬಂದು ಬೆರಳಾಡ್ಸಿದ್ರೆ ಗಂಟಿನ ಕೆಳಗೆ ಹಳ್ಳ ಬಿದ್ದೈತೆ. ಇಂಗೇ ಬುಟ್ರೆ ಮೇಲಕ್ಕೋದ್ಮೇಲೆ ತಂತಿ ತಂತಿ ಮುಟ್ಕತವೆ.’

ಅಧಿಕಾರಿ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಹಳ್ಳ ಇತ್ತು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

‘ಇದು ನಿಮ್ಮ ಪುಸ್ತಕದಲ್ಲಿ ಎಲ್ಲಿದೆ?’

‘ಇಲ್ಲ ಸಾರ್. ಈಗಷ್ಟೇ ಹುಟ್ಟಿತು. ಮಧ್ಯಾಹ್ನ ಟೀಗೆ ನಾಮಕರಣ.’

ಅವರು ನಕ್ಕರು ಅಕ್ಕಾ. ಟೀಗೆ ನಿಂತರು. ಮುನಿಗಂಗಮ್ಮ ಎಲ್ಲರೆದುರು ಹೇಳಿದಾಗ ಅವರೂ ಬೆರಳಾಡಿಸಿ ನೋಡಿದರು. ಮೊದಲ ಲೋಟ ಆಕೆಗೆ, ಎರಡನೆಯದು ಅವರಿಗೆ. ಹೊರಡುವಾಗ ಮ್ಯಾನೇಜರ್‌ಗೆ ಹೇಳಿದ ಮಾತು ನಾನೇ ಕೇಳಿಸಿಕೊಂಡೆ: ‘ತಪ್ಪಿಲ್ಲದ ಶೆಡ್ಡು ನಾನು ಇನ್ನೂ ನೋಡಿಲ್ಲ. ನಾವು ಹುಡುಕುವ ಮುಂಚೆ ಅವರೇ ತಂದುಕೊಟ್ಟದ್ದು ಇಲ್ಲೇ ಮೊದಲು. ಕೆಲಸ ಇಲ್ಲೇ ಇರಲಿ.’ ನಿನ್ನೆ ಕಾಗದವೂ ಬಂತು. ಬೀಗದ ಮಾತು ಮುಗಿಯಿತು. ಮುನಿಗಂಗಮ್ಮ ಬೆಂಗಳೂರಿಗೆ ಬಂದು ಅವರ ಜನಕ್ಕೂ ಇದನ್ನು ಹೇಳಬೇಕಂತೆ. ಆಕೆ ‘ಬಸ್ ಚಾರ್ಜು ಯಾರು ಕೊಡ್ತಾರೆ?’ ಅಂತ ಕೇಳಿದ್ದಾಳೆ.

ಇನ್ನು ನಿಮ್ಮ ಹತ್ತಿರ ಒಂದೇ ಪ್ರಶ್ನೆ. ಹೂವಿನ ಗಂಟು ತಂತಿಯನ್ನು ಕಚ್ಚುತ್ತದೆ, ನಾವು ಹೇಳಿಕೊಟ್ಟ ಸಾದಾ ಗಂಟು ನಡುಕಕ್ಕೆ ಸಡಿಲವಾಗುತ್ತದೆ; ಎರಡೂ ಆಗಬಾರದು. ಅಂಥ ಗಂಟು ಯಾವುದು? ಇಲ್ಲಿ ಯಾರಿಗೂ ಗೊತ್ತಿಲ್ಲ. ‘ರಾಮಲಕ್ಷ್ಮಮ್ಮನವ್ರಿಗೆ ಗೊತ್ತಿರ್ತದೆ’ ಅಂತ ಎಲ್ಲರೂ ಒಂದೇ ಬಾಯಲ್ಲಿ ಅಂದರು. ಬರೆದು ತಿಳಿಸುತ್ತೀರಾ?

ಚನ್ನಕೇಶವ

*

ಕೃಷ್ಣಗಿರಿ
೧ ಫೆಬ್ರವರಿ ೧೯೮೫

ಚನ್ನಕೇಶವಪ್ಪ,

ನನಗೆ ಗೊತ್ತಿಲ್ಲ.

ಈ ಎರಡು ಪದ ಬರೆಯೋಕೆ ಐದು ದಿನ ಹಿಡೀತು. ನಾಲ್ಕು ವರ್ಷ ಬೆಸುಗೆ ನೋಡಿದೆ, ಬೆಸುಗೆ ಬಿಟ್ಟು ಇನ್ನೇನೂ ನೋಡಲಿಲ್ಲ. ದಾರದ ಕಡೆ ಕಣ್ಣು ಹೋಗಲೇ ಇಲ್ಲ. ನನ್ನ ಕೈ ಕೆಳಗೆ ದಾಟಿ ಹೋದ ಕಟ್ಟುಗಳಲ್ಲಿ ಎಷ್ಟರಲ್ಲಿ ಹೂವಿನ ಗಂಟಿತ್ತೋ. ಯಜಮಾನರಿಗೆ ಹೇಳಿದೆ. ‘ನಿನಗೂ ಗೊತ್ತಿಲ್ಲದ್ದು ಇದೆಯಾ?’ ಅಂದು, ಅವತ್ತಿಂದ ಬಲು ಖುಷಿಯಾಗಿದ್ದಾರೆ. ಸ್ವಲ್ಪ ಜಾಸ್ತೀನೇ ಖುಷಿಯಾಗಿದ್ದಾರೆ.

ಎಲ್ಲ ಬರೆದು ಕೊಟ್ಟರೆ ನಾನು ಮುಗಿದುಹೋಗ್ತೀನಿ ಅಂದುಕೊಂಡಿದ್ದೆ. ಇಷ್ಟು ಬಾಕಿ ಇದೆ ಅಂತ ಯಾರಿಗೆ ಗೊತ್ತಿತ್ತು?

ಸೋಮವಾರ ಮೊದಲ ಬಸ್ಸಿಗೆ ಹೊರಡ್ತೀನಿ. ದಿನಾ ಹೋಗಿಬರಬಹುದು, ಕೇಳಿ ನೋಡಿದ್ದೀನಿ. ಮ್ಯಾನೇಜರ್‌ಗೆ ತಿಳಿಸಿ, ಯಾವ ಹುದ್ದೆ ಅಂತ ಅವರೇ ಯೋಚಿಸಲಿ, ನನಗೆ ಆತುರವಿಲ್ಲ. ಬೆಂಚಿನ ಮೇಲೆ ಮುನಿಗಂಗಮ್ಮನ ಎಡಗಡೆ ಜಾಗ ಬಿಡಿಸಿ. ಹೂವಿನ ಗಂಟು ಎಲ್ಲಿ ಕಚ್ಚತ್ತೆ ಅಂತ ತಿಳಿದರೇ ಹೊಸ ಗಂಟು ಸಿಗೋದು, ಅದಕ್ಕೆ ಗಂಟು ಹಾಕೋವಾಗ ಅವಳ ಬಲಗೈ ನನಗೆ ಕಾಣಬೇಕು. ಕಲಿಸೋಕೆ ಅವಳು ಒಪ್ತಾಳಾ ಅಂತ ಮೊದಲೇ ಕೇಳಿಡಿ. ಹೂವಿನೋರು ಸುಲಭಕ್ಕೆ ಒಪ್ಪಲ್ಲ.

ಮತ್ತೆ, ಆ ಕೆಟ್ಟ ಕಟ್ಟು ಇದೆಯಲ್ಲ, ನಾನು ಬರೋವರೆಗೆ ಅದನ್ನ ಯಾರೂ ಬಿಚ್ಚಬಾರದು.

ರಾಮಲಕ್ಷ್ಮಮ್ಮ